ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದವರು ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್‌ಗೆ ಹೋಗಬಹುದೇ? ಫಿಸಿಯೋಥೆರಪಿಯಲ್ಲಿ ಆ ಕೆಲಸದವರು ಏನು ಮಾಡುತ್ತಾರೆ?

ರೋಗಿಗಳ ಕೈಕಾಲು ಹಿಡಿದು ಸಾಕಾಗಿದೆ, ಆನ್‌ಲೈನ್ ಕೋರ್ಸ್ ಮಾಡಿ ಕಂಪ್ಯೂಟರ್ ಕಡೆ ಹೋಗಲೇ ಅಂತ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ನಾನೂ ಇದೇ ಮಾತಾಡುತ್ತಾ ಈ ಕೆಲಸಕ್ಕೆ, ಅಂದರೆ ರೋಗಿಗಳ ದಾಖಲೆ ಕಂಪ್ಯೂಟರಿನಲ್ಲಿ ಹೇಗಿರಬೇಕೆಂದು ನೋಡಿಕೊಳ್ಳುವ ಕೆಲಸಕ್ಕೆ ಬಂದವನು.

ನಾನಿದ್ದ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂತು. ಫಿಸಿಯೋ ವಿಭಾಗದ ಸ್ಕ್ರೀನ್ ಹೇಗಿರಬೇಕೆಂದು ಹೇಳಲು ಬೇರೆ ಯಾರೂ ಒಪ್ಪಲಿಲ್ಲ, ನಾನು ಕೂತೆ. ಮೊಣಕಾಲು ಎಷ್ಟು ಮಡಚುತ್ತದೆ ಎಂಬುದಕ್ಕೆ ಒಂದೇ ಖಾನೆ ಇಟ್ಟೆ, ಟೈಪಿಂಗ್ ಕಡಿಮೆಯಾಗಲಿ ಅಂತ. ಈ ಖಾನೆ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ತಡ್ಕೊಳ್ರಿ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಿಡಿದವರಿಗೆ ಗೊತ್ತು: ರೋಗಿ ತಾನೇ ಮಡಚಿದರೆ (ಆಕ್ಟಿವ್) 75 ಡಿಗ್ರಿ ಬರುವ ಕಾಲು, ನಾವು ಒತ್ತಿ ಮಡಚಿದರೆ (ಪ್ಯಾಸಿವ್) 95 ಬರಬಹುದು. ಎರಡೂ ಸರಿ, ಎರಡೂ ಬೇರೆ. ಮಲಗಿಸಿ ಅಳೆದದ್ದೋ ಕೂರಿಸಿ ಅಳೆದದ್ದೋ, ಅದೂ ಬೇರೆ. ನೋಟ್‌ಬುಕ್‌ನಲ್ಲಾದರೆ ಪಕ್ಕದಲ್ಲಿ 'ಆಕ್ಟಿವ್', 'ಪ್ಯಾಸಿವ್' ಅಂತ ಗೀಚುತ್ತಿದ್ದೆವು. ನನ್ನ ಖಾನೆಯಲ್ಲಿ ಅಂಕಿಗಷ್ಟೇ ಜಾಗ. ಮೊದಮೊದಲು ನೋಡಿದವರು ಆಕ್ಟಿವ್ ತುಂಬಿದರು, ಆಮೇಲೆ ಬಂದವರು ಪ್ಯಾಸಿವ್ ತುಂಬಿದರು. ಕಾಲು ಇದ್ದಲ್ಲೇ ಇತ್ತು, ಗ್ರಾಫ್ ಮಾತ್ರ ಚೆಂದಾಗಿ ಮೇಲೇರಿತು.

ಕೀಲು ಬದಲಿಸಿಕೊಂಡ ಹಾವೇರಿ ಕಡೆಯ ಅಜ್ಜಿಯೊಬ್ಬರನ್ನು ಆ ಗ್ರಾಫ್ ನೋಡಿಯೇ ಮನೆಗೆ ಕಳಿಸಿದ್ದರು. ವಾಪಸ್ ಬಂದಾಗ "ಪಾವಟಿಗಿ ಇಳಿಯಾಕ ಆಗವಲ್ದ್ರೀ" ಅಂದರು. ಮೆಟ್ಟಿಲು ಇಳಿಯಲು ಸುಮಾರು 90 ಡಿಗ್ರಿ ಬೇಕು. ತಾವಾಗಿಯೇ ಅಷ್ಟು ಮಡಚಿದ್ದು ಅವರು ಎಂದೂ ಇಲ್ಲ. ಅಷ್ಟರಲ್ಲಿ ಕೀಲು ಇನ್ನೂ ಬಿಗಿದು, ಅರಿವಳಿಕೆ ಕೊಟ್ಟು ಮಡಚಬೇಕಾಯಿತು. ಸರ್ಜನ್ ನಮ್ಮ ಸ್ಕ್ರೀನ್ ತೆರೆಯುವುದನ್ನೇ ಬಿಟ್ಟರು. ಎಡ-ಬಲ, ಆಕ್ಟಿವ್-ಪ್ಯಾಸಿವ್, ಭಂಗಿ ಎಲ್ಲಕ್ಕೂ ಖಾನೆ ಮಾಡಿಸಿದ ಮೇಲೂ ಅವರು ಬೇಗ ನಂಬಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ರೋಗಿಯಿಂದ ತಪ್ಪಿಸಿಕೊಳ್ಳಬೇಕು ಅನ್ನುವವರಿಗೆ ಇದು ಕೆಲಸವಲ್ಲ. ಕೋಡ್ ಬರೆಯಲು ಬೇರೆಯವರಿದ್ದಾರೆ; ಏನನ್ನು ಅಳೆಯಬೇಕು, ಹೇಗೆ ಬರೆಯಬೇಕು ಅಂತ ಹಟ ಹಿಡಿಯಲು ಕೈಯಲ್ಲಿ ಅಳೆದವರೇ ಬೇಕು. ಈಗ ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಆಭಾ ನಂಬರ್ ಬಂದಿದೆ, ಎಫ್‌ಎಚ್‌ಐಆರ್ (ಬೇರೆಬೇರೆ ಆಸ್ಪತ್ರೆಗಳ ಸಾಫ್ಟ್‌ವೇರ್ ದಾಖಲೆ ಹಂಚಿಕೊಳ್ಳುವ ಮಾದರಿ) ರೂಪದಲ್ಲಿ ದಾಖಲೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಬಹುದು. ನಾವಿಲ್ಲಿ 'ಪರವಾಗಿಲ್ಲ' ಅಂತ ಬರೆದರೆ ಅಲ್ಲಿಗೂ 'ಪರವಾಗಿಲ್ಲ' ಅಂತಲೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐಸಿಎಫ್ (ಮನುಷ್ಯ ಏನೇನು ಮಾಡಬಲ್ಲ ಎಂಬುದರ ವರ್ಗೀಕರಣ) ಓದ್ರಿ. ಅದೇ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿಯಲ್ಲಿ ಕಾಯಿಲೆಗೆ ಕೋಡ್. ಐಸಿಎಫ್‌ನಲ್ಲಿ ನಡೆಯುವುದಕ್ಕೆ, ಹತ್ತುವುದಕ್ಕೆ ಕೋಡ್ ಇದೆ. ನಮ್ಮ ಕಸುಬಿಗೆ ಇದೇ ಹತ್ತಿರ.

'ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್' ಅನ್ನುವ ಹೆಸರಿನ ಹುದ್ದೆಯನ್ನೇ ಹುಡುಕುತ್ತಾ ಕೂರಬೇಡಿ. ನಾನು ಈಗಲೂ ಬೆಳಿಗ್ಗೆ ಒಪಿಡಿ ನೋಡಿ ಮಧ್ಯಾಹ್ನ ಇದನ್ನು ಮಾಡ್ತೀನಿ, ಸಂಬಳ ಮಾತ್ರ ಒಂದೇ.

ಕೋರ್ಸಿಗೆ ಆಮೇಲೆ ದುಡ್ಡು ಕಟ್ಟುವಿರಂತೆ. ಮೊದಲು ನಿಮ್ಮ ಕ್ಲಿನಿಕ್‌ನ ಹಳೆ ಮೊಣಕಾಲು ಫೈಲ್‌ಗಳನ್ನು ತೆಗೆದು, ಆಕ್ಟಿವೋ ಪ್ಯಾಸಿವೋ ಅಂತ ಎಷ್ಟರಲ್ಲಿ ಬರೆದಿದೆ ಎಣಿಸಿ ನೋಡ್ರಿ. ಎಣಿಸುವಾಗಲೇ ಬೇಸರ ಬಂದರೆ ಆ ದುಡ್ಡು ಉಳಿಸಿಕೊಳ್ರಿ.