ಒಂದೇ ಕಟ್ಟಡ, ಎರಡು ಕನಿಷ್ಠ ಕೂಲಿ ಯಾಕೆ?

ಒಂದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವವರಿಗೂ ವೈರಿಂಗ್ ಮಾಡುವವರಿಗೂ ಕನಿಷ್ಠ ಕೂಲಿ ಬೇರೆ ಬೇರೆ ಯಾಕೆ ಅಂತ ಕೇಳಿದ್ದೀರಿ. ಎಲ್ಲ ದೇಶಗಳಲ್ಲೂ ಹಾಗಿಲ್ಲ. ಕೆಲವು ಕಡೆ ಎಲ್ಲರಿಗೂ ಒಂದೇ ದರ. ಬೇರೆ ಬೇರೆ ಇರುವಲ್ಲಿ ಸಾಮಾನ್ಯವಾಗಿ ತಳದ ದರಕ್ಕೆ ಬದುಕಿನ ಖರ್ಚೇ ಆಧಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ 131ನೇ ಒಡಂಬಡಿಕೆಯೂ ಕಾರ್ಮಿಕರ ಮತ್ತು ಅವರ ಕುಟುಂಬದ ಅಗತ್ಯ, ಜೀವನ ವೆಚ್ಚ, ಉತ್ಪಾದಕತೆ ಎಲ್ಲವನ್ನೂ ಗಮನಿಸಬೇಕು ಅನ್ನುತ್ತದೆ.

ಅದರ ಮೇಲೆ ಕೌಶಲ, ತರಬೇತಿ, ಹೊಣೆ ನೋಡಿ ದರದ ಮೆಟ್ಟಿಲು ಕಟ್ಟುತ್ತಾರೆ. ತಂತಿ ತಪ್ಪಾಗಿ ಜೋಡಿಸಿದರೆ ಮನೆಗೇ ಬೆಂಕಿ ಬೀಳಬಹುದು. ಆ ಕೆಲಸ ಕಲಿಯಲು ವರ್ಷಗಳು ಬೇಕು. ಆದರೆ ಇಟ್ಟಿಗೆ ಹೊತ್ತು ನಾಲ್ಕು ಮಹಡಿ ಹತ್ತುವವರ ಬೆನ್ನುನೋವಿಗೆ ಈ ಲೆಕ್ಕದಲ್ಲಿ ಬೆಲೆ ತೀರಾ ಕಡಿಮೆ, ನನ್ನ ತಕರಾರು ಅದೇ.

ನಿಮ್ಮ ವೇತನ ಚೀಟಿಯಲ್ಲಿ ಕೆಲಸದ ಯಾವ ವರ್ಗ, ಅಂದರೆ ಯಾವ ಮೆಟ್ಟಿಲು ಅಂತ ಬರೆದಿದ್ದಾರೆ ನೋಡಿ. ನೀವು ನಿಜವಾಗಿ ಮಾಡುವ ಕೆಲಸಕ್ಕಿಂತ ಕೆಳಗಿನದಾಗಿದ್ದರೆ ಸುಮ್ಮನಿರಬೇಡಿ, ಕೇಳಿ.