ಹುದುಲು ನೆಲ, ಜಡಿಮಳೆ: ಚಾರಣಿಗರ ಪ್ರಶ್ನೆಗಳು

ಪ್ರಶ್ನೆ: ಇಂಗ್ಲೆಂಡಿನ ಪೆನೈನ್ ವೇ ಹಾದಿಯನ್ನು ಪೂರ್ತಿ ನಡೆಯುವ ಯೋಚನೆಯಿದೆ. ದಿನಕ್ಕೆ 25 ಕಿ.ಮೀ. ನಡೆದು ಅಭ್ಯಾಸ. ಜೌಗು ಪ್ರದೇಶದಲ್ಲಿ ಮಳೆ ಹಿಡಿದರೂ ಇದೇ ಲೆಕ್ಕ ಸಾಕೆ?

ಉತ್ತರ: ಸಾಲದು. ಅಲ್ಲಿ ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿ. ಈಡೇಲ್‌ನಿಂದ ಕರ್ಕ್ ಯೆಟ್‌ಹೋಮ್‌ವರೆಗಿನ 431 ಕಿ.ಮೀ. ಹಾದಿ ಶುರುವಾದದ್ದು 1965ರಲ್ಲಿ. ಜನರ ತುಳಿತಕ್ಕೆ ಪೀಟ್ ಮಣ್ಣು (ಅರೆಕೊಳೆತ ಗಿಡಗಳ ತೇವದ ಕಪ್ಪು ಮಣ್ಣು) ಕೆಸರುಗುಂಡಿಯಾಗಿ, ಆಮೇಲೆ ಬ್ಲ್ಯಾಕ್ ಹಿಲ್‌ನಂಥ ಕಡೆಗಳಲ್ಲಿ ಹಳೆಯ ಗಿರಣಿಗಳ ಕಲ್ಲುಚಪ್ಪಡಿ ತಂದು ಹಾಸಿದರು. ಚಪ್ಪಡಿ ಇರುವಲ್ಲಿ ಮಳೆಯಲ್ಲೂ ಗಂಟೆಗೆ 4 ಕಿ.ಮೀ. ಸಾಗಬಹುದು, ಜಾರುತ್ತದೆ, ಅಷ್ಟೆ. ಗ್ರೀನ್‌ಹೆಡ್ ಸಮೀಪದ ಬ್ಲೆಂಕಿನ್‌ಸಾಪ್ ಕಾಮನ್‌ನಂಥ ಹುದುಲಿನಲ್ಲಿ ಗಂಟೆಗೆ 2 ಕಿ.ಮೀ. ಆದರೆ ಚೆನ್ನಾಗಿ ನಡೆದಿರಿ ಎಂದೇ ಅರ್ಥ. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ ಎಂದು ನಡಿಗೆಯ ಸಮಯ ಅಂದಾಜಿಸುವ ನೈಸ್ಮಿತ್ ಸೂತ್ರ ಗಟ್ಟಿ ನೆಲದ ಮಾತು. ಬೈರ್ನೆಸ್‌ನಿಂದ ಕರ್ಕ್ ಯೆಟ್‌ಹೋಮ್‌ವರೆಗಿನ ಕೊನೆಯ 40ಕ್ಕೂ ಹೆಚ್ಚು ಕಿ.ಮೀ.ನಲ್ಲಿ ಊರೇ ಇಲ್ಲ. ನಡುವೆ ಎರಡು ಸಣ್ಣ ಆಶ್ರಯ ಗುಡಿಸಲುಗಳಿವೆ. ಮಳೆಯಿದ್ದರೆ ಅದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ಪ್ರಶ್ನೆ: ಎಲ್ಲಿ ಕಾಲಿಡಬೇಕು ಎಂದು ನೋಡಿಯೇ ತಿಳಿಯಬಹುದೆ?

ಉತ್ತರ: ಬಹುಮಟ್ಟಿಗೆ. ಗಿಡದ ಬಣ್ಣ ನೋಡಿ. ಕಡುಕಂದು ಹೆದರ್ ಪೊದೆಯಿದ್ದರೆ ಅಲ್ಲಿನ ನೆಲ ಸುತ್ತಲಿಗಿಂತ ಒಣ, ಕಾಲು ನಿಲ್ಲುತ್ತದೆ. ಬೇಸಗೆಯಲ್ಲಿ ಬಿಳಿ ಕುಚ್ಚು ತಲೆದೂಗುವ ಹತ್ತಿಹುಲ್ಲು ಇದ್ದರೆ ತೇವ ಖಚಿತ. ಕಣ್ಣಿಗೆ ಹಬ್ಬವೆನಿಸುವ ಎಳೆಹಸಿರು ಸಪಾಟು ಹಾಸು ಕಂಡರೆ ಸುತ್ತಿ ಹೋಗಿ: ಅದು ಸ್ಫ್ಯಾಗ್ನಮ್ ಪಾಚಿ. ತನ್ನ ಒಣತೂಕದ ಇಪ್ಪತ್ತು ಪಟ್ಟುವರೆಗೆ ನೀರು ಹೀರಿಕೊಳ್ಳಬಲ್ಲದು; ಮೇಲೆ ಹಾಸು, ಕೆಳಗೆ ಬರೀ ನೀರು. ಗಿಡವೇ ಇಲ್ಲದ ಕಪ್ಪು ಪೀಟ್ ಒಣಹವೆಯಲ್ಲಿ ಸ್ಪಂಜಿನಂತೆ ನಡೆಸುತ್ತದೆ, ಮಳೆಯಲ್ಲಿ ಗಂಜಿಯಾಗುತ್ತದೆ.

ಹುಲ್ಲಿನ ಗುಪ್ಪೆಯಿಂದ ಗುಪ್ಪೆಗೆ ಹಾರುವುದು ಎಲ್ಲರೂ ಮಾಡುವ ತಪ್ಪು. ಗುಪ್ಪೆ ಪಕ್ಕಕ್ಕೆ ವಾಲುತ್ತದೆ, ಬೆನ್ನಿನ ಹೊರೆ ಉಳಿದದ್ದನ್ನು ಮಾಡುತ್ತದೆ. ಹುದುಲಿನಲ್ಲಿ ಮುಳುಗುವುದಕ್ಕಿಂತ ಕಾಲು ಉಳುಕುವ ಸಾಧ್ಯತೆಯೇ ಹೆಚ್ಚು. ಗುಪ್ಪೆಯ ಬುಡಕ್ಕೆ, ಬೇರು ಹೆಣೆದ ಜಾಗಕ್ಕೆ ಹೆಜ್ಜೆಯಿಡಿ. ಅನುಮಾನವಿದ್ದಲ್ಲಿ ಮೊದಲು ಕೋಲು ಊರಿ: ಒಂದು ಗೇಣು ಇಳಿದು ನಿಂತರೆ ದಾಟಬಹುದು, ಹಿಡಿಯವರೆಗೂ ಸಲೀಸಾಗಿ ಇಳಿದರೆ ಹಿಂದಿರುಗಿ.

ಪ್ರಶ್ನೆ: ತೊಡೆಯವರೆಗೆ ಹೂತುಹೋದರೆ?

ಉತ್ತರ: ಒಂದು ಕಾಲನ್ನು ಎಳೆಯಲು ಇನ್ನೊಂದನ್ನು ಒತ್ತಬೇಡಿ, ಅದೂ ಇಳಿಯುತ್ತದೆ. ಹೊರೆ ಕಳಚಿ ಪಕ್ಕದಲ್ಲಿ ಚಪ್ಪಟೆಯಾಗಿ ಮಲಗಿಸಿ, ಅದರ ಮೇಲೆ ಎದೆ ಒರಗಿಸಿ ಭಾರ ಹರಡಿ. ಹೂತ ಕಾಲನ್ನು ಸಣ್ಣಗೆ ಅಲ್ಲಾಡಿಸುತ್ತಾ ಇರಿ. ಕಾಲಿನ ಸುತ್ತ ನೀರು ನುಗ್ಗಿದರೆ ಕೆಸರಿನ ಹಿಡಿತ ಸಡಿಲವಾಗುತ್ತದೆ. ಬಂದ ದಿಕ್ಕಿಗೇ ತೆವಳಿ. ಅಲ್ಲಿ ನೆಲ ಇತ್ತೆಂಬುದು ಗೊತ್ತಿದೆಯಲ್ಲ. ಇದಕ್ಕಾಗಿಯೇ ಶೂ ಲೇಸನ್ನು ಬಿಗಿಯಾಗಿ ಎರಡು ಗಂಟು ಹಾಕಿರಬೇಕು.

ಪ್ರಶ್ನೆ: ನೀರು ನುಗ್ಗದ ದುಬಾರಿ ಬೂಟು ಕೊಳ್ಳಲೆ?

ಉತ್ತರ: ನೀರು ಮೇಲಿನ ಬಾಯಿಂದ ಬಂದಮೇಲೆ ಆ ಬೂಟು ಬಕೆಟ್ಟು. ಒಳಪದರ ನೀರನ್ನು ಹೊರಗೂ ಬಿಡುವುದಿಲ್ಲ. ಅದನ್ನೇ ಹಾಕುವುದಾದರೆ ಮೊಣಕಾಲಿನವರೆಗಿನ ಗೇಟರ್ (ಬೂಟಿನ ಬಾಯಿ ಮುಚ್ಚುವ ಕಾಲುಹೊದಿಕೆ) ಕಡ್ಡಾಯ. ಹಲವು ದಿನದ ನಡಿಗೆಗೆ ನಮ್ಮ ಆಯ್ಕೆ ಬೇಗ ಸೋರಿ ಒಣಗುವ ಹಗುರ ಶೂ ಮತ್ತು ಉಣ್ಣೆಯ ಕಾಲುಚೀಲ. ಹಿಮ, ಕೊರೆವ ಚಳಿ ಇದ್ದರೆ ಈ ಮಾತು ಅನ್ವಯಿಸದು. ಮೂರು ಜೊತೆ ಕಾಲುಚೀಲ ಸಾಕು: ಎರಡು ನಡೆಯಲು, ಒಂದು ಮಲಗಲು ಮಾತ್ರ. ಈ ಮೂರನೆಯದನ್ನು ಬೆಳಗ್ಗೆ ಶೂಗೆ ಇಳಿಸುವ ಆಸೆ ಬಿಡಿ. ರಾತ್ರಿಯಿಡೀ ಒಣಗಿದ ಪಾದವೇ ಮರುದಿನದ ಬಂಡವಾಳ. ಬೆಳಗ್ಗೆ ಬೆರಳಸಂದಿಗೆ ವ್ಯಾಸಲೀನ್ ಹಚ್ಚಿ. ಪಾದ ಬಿಳಿಚಿ, ಮರಗಟ್ಟಿ, ಬೆಚ್ಚಗಾದಾಗ ಉರಿದರೆ ಅಂದಿನ ನಡಿಗೆ ಮುಗಿಸಿ.

ಹತ್ತಿಬಟ್ಟೆ ಬೇಡವೇ ಬೇಡ. ನೆನೆದರೆ ಮೈಶಾಖ ಹೀರುತ್ತದೆ. ಜೊತೆಗಾರರು ನಡುಗುತ್ತಾ ತೊದಲಿದರೆ, ಜಿಪ್ ಎಳೆಯಲು ಒದ್ದಾಡಿದರೆ ತಡಮಾಡದೆ ಗಾಳಿಮರೆ, ಒಣಬಟ್ಟೆ, ಸಿಹಿ ತಿನಿಸು.

ಪ್ರಶ್ನೆ: ಮಂಜು ಕವಿದರೆ ಫೋನಿನ ನಕ್ಷೆ ಸಾಲದೆ?

ಉತ್ತರ: ಒದ್ದೆ ಬೆರಳಿಗೆ ಪರದೆ ಸ್ಪಂದಿಸದು, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ದಿಕ್ಸೂಚಿ ಮತ್ತು 1:25,000 ಅಳತೆಯ ಕಾಗದದ ನಕ್ಷೆ ಇರಲಿ. ಗುಂಡಿಯನ್ನು ಪ್ರತಿಸಲ ಎಡದಿಂದಲೇ ಸುತ್ತಿದರೆ ತಿಳಿಯದೆ ಎಡಕ್ಕೆ ಸರಿದಿರುತ್ತೀರಿ. ಒಮ್ಮೆ ಎಡ, ಒಮ್ಮೆ ಬಲ. ತುರ್ತಿಗೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಫೋನ್ ಸಿಕ್ಕರೆ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆದು ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದ ರಕ್ಷಣಾ ತಂಡ) ಕೇಳಿ.

ಪ್ರಶ್ನೆ: ಅಲ್ಲಿನ ಚಹಾಬಣ್ಣದ ನೀರು ಕುಡಿಯಬಹುದೆ?

ಉತ್ತರ: ಬಣ್ಣ ಪೀಟ್‌ನದು, ಅದರಿಂದ ಭಯವಿಲ್ಲ, ಭಯ ಮೇಲ್ಗಡೆ ಸತ್ತುಬಿದ್ದಿರಬಹುದಾದ ಕುರಿಯದು. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಇಂಥ ನೀರಿನಲ್ಲಿ ಕ್ಲೋರಿನ್ ಮಾತ್ರೆಯ ಶಕ್ತಿ ಬಣ್ಣದ ಮೇಲೆಯೇ ವ್ಯಯವಾಗುತ್ತದೆ, ಅದನ್ನು ನೆಚ್ಚಬೇಡಿ.