ನೋವು ಮುಚ್ಚಿಟ್ಟು ಓಡುವವರು

ಬಳ್ಳಾರಿಯಲ್ಲಿ ನನ್ನ ಹತ್ತಿರ ಸಲಹೆಗೆ ಬರುವವರಲ್ಲಿ ಓಟಗಾರರು ಈಗೀಗ ಜಾಸ್ತಿ ಆಗಿದ್ದಾರೆ. ಮ್ಯಾರಥಾನಿನ 42 ಕಿ.ಮೀ. ದಾಟಿ, ಕಾಡು ಗುಡ್ಡದ ದಾರಿಯಲ್ಲಿ 50, 80 ಕಿ.ಮೀ. ಓಡುವವರೂ ಇದ್ದಾರೆ. ಬರುವ ಕಾರಣ ಹೆಚ್ಚುಕಡಿಮೆ ಒಂದೇ, ಮನೆಯಲ್ಲಿ ಜಗಳ. ಅದರ ಬುಡ ಕೆದಕಿದರೆ ಎಲ್ಲೋ ಒಂದು ಮುಚ್ಚಿಟ್ಟ ನೋವು ಸಿಗುತ್ತದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ದಂಪತಿಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಗಂಡನಿಗೆ ನಲವತ್ತರ ಹತ್ತಿರ ವಯಸ್ಸು. ತೋರಣಗಲ್ಲು ಕಡೆ ಕಾರ್ಖಾನೆ ಕೆಲಸ, ವಾರ ವಾರ ಬದಲಾಗುವ ಶಿಫ್ಟ್. ಸಕ್ಕರೆ ಕಾಯಿಲೆಯಿಂದ ತಂದೆಯ ಕಾಲು ತೆಗೆದ ಮೇಲೆ ಹೆದರಿ ಕೋಟೆ ಗುಡ್ಡ ಹತ್ತಲು ಶುರು ಮಾಡಿದವರು, ಈಗ ರಜೆ ದಿನ ಸಂಡೂರಿನ ಗುಡ್ಡಗಳಲ್ಲಿ 30 ಕಿ.ಮೀ. ಓಡುತ್ತಾರೆ. ಮಲೆನಾಡಿನ ಒಂದು 50 ಕಿ.ಮೀ. ಓಟಕ್ಕೆ ದುಡ್ಡು ಕಟ್ಟಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು.

"ಬ್ಯಾಲೆನ್ಸ್ ಹೆಂಗೆ ಮಾಡೋದು ಹೇಳ್ರಿ ಮೇಡಂ" ಅಂತ ಮೊದಲ ಭೇಟಿಯಲ್ಲೇ ಮೊಬೈಲಿನಲ್ಲಿ ಬರೆದಿಟ್ಟ ವೇಳಾಪಟ್ಟಿ ತೋರಿಸಿದರು. ಓಟ, ಕೆಲಸ, ಮಕ್ಕಳ ಸ್ಕೂಲು, ವ್ಯಾಯಾಮ ಎಲ್ಲಕ್ಕೂ ಜಾಗ ಇತ್ತು. ನಿದ್ದೆಗೆ ಮಾತ್ರ ಇರಲಿಲ್ಲ. ನೈಟ್ ಶಿಫ್ಟ್ ವಾರದಲ್ಲಿ ಹಗಲು ನಾಲ್ಕು ತಾಸು ಮಲಗಿದರೆ ಹೆಚ್ಚು.

ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆಸಿದೆ. ಮೈ ಹೇಗಿದೆ ಎಂದು ಗಂಡನನ್ನು ಕೇಳಿದೆ. "ಫಸ್ಟ್ ಕ್ಲಾಸ್ ಐತೆ ಮೇಡಂ" ಅಂದರು. ಹೆಂಡತಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಮಹಡಿಯಿಂದ ಇಳಿಯುವಾಗ ಇವರ ಬಲಗಾಲು ಸಪ್ಪಳ ಕೇಳ್ತೈತ್ರಿ. ಎಡಗಾಲು ಸಪ್ಪಳ ಕೇಳಲ್ಲ. ಒಂದು ತಿಂಗಳಾತು."

ಆತ ಹೆಂಡತಿಯ ಮುಖವನ್ನೇ ನೋಡಿದರು. "ನಿನಗೆ ಗೊತ್ತಿತ್ತಾ?"

"ಅಡಿಗೆ ಮನೆ ಮೆಟ್ಟಿಲ ಪಕ್ಕದಾಗೇ ಐತಲ್ರೀ."

ಆಮೇಲೆ ಎಲ್ಲ ಹೊರಗೆ ಬಂತು. ಪ್ಯಾಂಟ್ ಮಡಚಿ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಎಲುಬಿನ ಮೇಲೆ ಒಂದು ಜಾಗಕ್ಕೆ ಹೆಬ್ಬೆರಳು ಇಟ್ಟು ತೋರಿಸಿದರು. ಒತ್ತಿದರೆ ಜೀವ ಹೋದಂಗಾಗುತ್ತದೆ, ರಾತ್ರಿ ಮಲಗಿದಾಗಲೂ ಎಳೆಯುತ್ತದೆ ಅಂದರು. ಲಾಂಗ್ ರನ್‌ಗೆ ಮುಂಚೆ ನೋವಿನ ಮಾತ್ರೆ ನುಂಗುತ್ತಿದ್ದರು. ಮಾತ್ರೆ ಹಾಳೆಯನ್ನು ಬೈಕಿನ ಟೂಲ್ ಬಾಕ್ಸ್‌ನಲ್ಲಿ ಇಟ್ಟಿದ್ದರು.

"ಹೇಳಿದ್ರೆ ಓಟ ಬಿಡಿಸ್ತೀಯ ಅಂತ ಹೇಳ್ಲಿಲ್ಲ."

"ಓಡಬ್ಯಾಡ್ರಿ ಅಂತ ನಾನು ಯಾವತ್ತು ಅಂದೀನಿ? ನೋವೈತೆ ಅಂತ ಹೇಳ್ರಿ, ಸಾಕು."

ಅವರು ತಡೆದು ಹೇಳಿದರು, "ನೀನು ಅಂದಿಲ್ಲ. ಅವ್ವ, ಅಣ್ಣ, ಶಿಫ್ಟಿನವರು ಎಲ್ಲರೂ ಅಂತಾರೆ. ಕುಂಟೋದು ಕಂಡ್ರೆ ಸಾಕು, ಈ ವಯಸ್ಸಿಗೆ ಯಾಕೆ ಬೇಕಿತ್ತು ಅಂತ ಶುರು ಮಾಡ್ತಾರೆ."

ನನ್ನ ಸಲಹೆ ಹುಟ್ಟಿದ್ದು ಈ ಮಾತಿನಿಂದ. ಕಾಲು ನೋಯಿತು ಎಂದ ಕೂಡಲೇ "ನೋಡು, ಹೇಳಿರಲಿಲ್ವಾ" ಅನ್ನುವ ಮನೆಯಲ್ಲಿ ಯಾರೂ ನೋವು ಹೇಳುವುದಿಲ್ಲ. ಹೇಳದೆ ಓಡುತ್ತಾರೆ, ಎಲುಬು ಬಿರುಕು ಬಿಡುತ್ತದೆ. ಹಾಗಾಗಿ ಮೊದಲ ಮಾತು ಮನೆಯವರಿಗೆ: ನೋವನ್ನು ಓಟದ ವಿರುದ್ಧ ಸಾಕ್ಷಿ ಮಾಡಬೇಡಿ. ಹೆಂಡತಿಗೆ ಇದು ಆಗಲೇ ತಿಳಿದಿತ್ತು. ಅತ್ತೆಗೂ ಭಾವನಿಗೂ ಗಂಡನೇ ಹೇಳಬೇಕು, ಆ ಹೊರೆ ನೀವು ಹೊರಬೇಡಿ ಎಂದು ಅವರಿಗೆ ಒತ್ತಿ ಹೇಳಿದೆ.

ಗಂಡನಿಗೆ ಹೇಳಿದ್ದು ಬೇರೆ. ನಾನು ಡಾಕ್ಟರ್ ಅಲ್ಲ, ಅದೇ ವಾರ ಎಲುಬಿನ ಡಾಕ್ಟರಿಗೆ ತೋರಿಸಿ ಅಂದೆ. ಒಂದೇ ಜಾಗದಲ್ಲಿ ನೋವು, ಮಲಗಿದರೂ ನೋವು ಇದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಭಾರಕ್ಕೆ ಎಲುಬಿನಲ್ಲಿ ಮೂಡುವ ಸಣ್ಣ ಬಿರುಕು, ಇರಬಹುದು. ಶುರುವಿನ ವಾರಗಳಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದುಂಟು, ಎಂಆರ್‌ಐಯಲ್ಲಿ ಸಿಗುತ್ತದೆ. ಎಕ್ಸ್‌ರೇ ಸರಿ ಇದೆ ಎಂದು ಮರುದಿನವೇ ಗುಡ್ಡಕ್ಕೆ ಹೋಗಬೇಡಿ ಎಂದು ಅದಕ್ಕೇ ಎಚ್ಚರಿಸಿದೆ. ಮಾತ್ರೆ ನುಂಗಿ ಓಡುವುದನ್ನು ಆವತ್ತಿನಿಂದಲೇ ಬಿಡಿ ಎಂದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಆ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಲ್ಲವು. ಜೊತೆಗೆ ನೋವು ಅಡಗಿದರೆ ಎಲುಬು ಇನ್ನೂ ಬಿರಿಯುವುದು ಗೊತ್ತೇ ಆಗುವುದಿಲ್ಲ. ವೇಳಾಪಟ್ಟಿಯಲ್ಲಿ ಮೊದಲು ನಿದ್ದೆ ಬರೆಯಿರಿ, ಉಳಿದ ಹೊತ್ತಿನಲ್ಲಿ ಓಟ ಎಂದೆ. ನೈಟ್ ಶಿಫ್ಟ್ ವಾರದಲ್ಲಿ ಲಾಂಗ್ ರನ್ ಬೇಡವೇ ಬೇಡ. ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲುವವರ ಜೊತೆ ಇನ್ನೊಬ್ಬರ ಜೀವವೂ ಇರುತ್ತದೆ.

ಓಟ ಬಿಡಿ ಅಂತ ಯಾಕೆ ಹೇಳಲಿಲ್ಲ? ಸಂಸಾರಸ್ಥ, ದುಡಿಯುವ ಕಾಲು, ಅಷ್ಟಾದರೂ ಹೇಳಬೇಕಿತ್ತು ಎಂದು ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ತಂದೆಯ ಕಾಲು ಹೋದದ್ದನ್ನು ನೋಡಿದ ಮನುಷ್ಯನಿಗೆ ಓಟ ಶೋಕಿಯಲ್ಲ. ಬಿಡು ಅಂದಿದ್ದರೆ ಆತ ನನಗೂ "ಫಸ್ಟ್ ಕ್ಲಾಸ್" ಅನ್ನುತ್ತಿದ್ದರು, ಓಟ ಮುಂದುವರಿಯುತ್ತಿತ್ತು. ಎಂಟು ವಾರ ನಿಲ್ಲಿ ಅಂದರೆ ಕೇಳುತ್ತಾರೆ, ಯಾಕೆಂದರೆ ಒಂಬತ್ತನೇ ವಾರ ಒಂದಿದೆ ಎಂದು ಅವರಿಗೆ ಕಾಣುತ್ತದೆ. ಓಟಗಾರರ ಮನೆಯವರು ದಯವಿಟ್ಟು ಇದನ್ನು ಯೋಚಿಸಿ.

ಸ್ಕ್ಯಾನಿನಲ್ಲಿ ಬಿರುಕು ಇರುವುದು ಖಚಿತವಾಯಿತು. ಮಲೆನಾಡಿನ ಓಟ ಕೈಬಿಟ್ಟರು, ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಆದರೂ ಆ ದಿನ ಅಲ್ಲಿಗೆ ಹೋಗಿ ಓಟಗಾರರಿಗೆ ನೀರು, ಬಾಳೆಹಣ್ಣು ಕೊಡುವ ಕೆಲಸ ಮಾಡಿದರು. ಡಾಕ್ಟರ್ ಒಪ್ಪಿದ ಮೇಲೆ ನಡೆಯುವುದರಿಂದ ಮತ್ತೆ ಶುರು ಮಾಡಿದ್ದಾರೆ. ಕಾಲಿನ ವಿಷಯ ಈಗ ತಾಯಿಗೂ ಗೊತ್ತು. ನೈಟ್ ಶಿಫ್ಟ್ ವಾರದ ಲಾಂಗ್ ರನ್ ಬಗ್ಗೆ ಮಾತ್ರ ಗಂಡ ಹೆಂಡತಿ ಇನ್ನೂ ಒಂದು ಮಾತಿಗೆ ಬಂದಿಲ್ಲ. ಮುಂದಿನ ಭೇಟಿ ಅದಕ್ಕೇ ಇಟ್ಟುಕೊಂಡಿದ್ದೇವೆ.